ಹತ್ತು ಸಾವಿರ ಕಟ್ಟಿದರೆ ಮುಗಿಯಿತೇ? ಚಾಲಕ ಬಂಧುಗಳಿಗೆ ಬಹಿರಂಗ ಪತ್ರ

ಲಾರಿ, ಬಸ್ಸು, ಟ್ಯಾಕ್ಸಿ, ಆಟೊ, ಗೂಡ್ಸ್ ಗಾಡಿ ಓಡಿಸಿ ಸಂಸಾರ ಸಾಕುತ್ತಿರುವ ಬಂಧುಗಳೇ,

ನಾನು ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುವವನು. ಕುಡಿದು ಗಾಡಿ ಓಡಿಸಿದ ಕೇಸುಗಳಲ್ಲಿ ಚಾಲಕರ ಪರ ನಿಂತಿದ್ದೇನೆ. ಅಪಘಾತ ಪರಿಹಾರದ ಅರ್ಜಿಗಳಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡವರ ಪರವೂ ವಾದಿಸಿದ್ದೇನೆ. ಎರಡೂ ಕಡೆ ಕಂಡದ್ದನ್ನು ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಓದಲು ಬಿಡುವಿಲ್ಲದಿದ್ದರೆ ಮನೆಯವರಿಂದ ಓದಿಸಿಕೊಳ್ಳಿ, ಅವರಿಗೂ ತಿಳಿದಿರಬೇಕಾದ ಮಾತುಗಳು ಇದರಲ್ಲಿವೆ.

ಡಿಡಿ (ಡ್ರಂಕ್ ಅಂಡ್ ಡ್ರೈವ್) ಕೇಸು ಎಂದರೆ ಹತ್ತು ಸಾವಿರ ರೂಪಾಯಿಯ ದಂಡ ಎಂದು ನಿಮ್ಮಲ್ಲಿ ಬಹಳ ಮಂದಿ ತಿಳಿದಿದ್ದೀರಿ. ಕೋರ್ಟಿಗೆ ಹೋಗುವುದು, ‘ತಪ್ಪಾಯ್ತು ಸ್ವಾಮಿ’ ಎನ್ನುವುದು, ಹಣ ಕಟ್ಟಿ ರಸೀದಿ ತೋರಿಸಿ ಗಾಡಿ ಬಿಡಿಸಿಕೊಳ್ಳುವುದು, ಅಲ್ಲಿಗೆ ಮುಗಿಯಿತು ಎಂಬ ನಂಬಿಕೆ. ಅದು ಅಲ್ಲಿಗೆ ಮುಗಿಯುವುದಿಲ್ಲ, ಚಾಲನಾ ಪರವಾನಗಿಗೂ (ಡಿಎಲ್) ಕುತ್ತು ಬರುತ್ತದೆ. ಕಾರಿನಲ್ಲಿ ಆಫೀಸಿಗೆ ಹೋಗುವವನ ಡಿಎಲ್ ಆರು ತಿಂಗಳು ಹೋದರೆ ಅವನು ಬಸ್ಸು ಹತ್ತುತ್ತಾನೆ. ನಿಮ್ಮ ಡಿಎಲ್ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಒಂದೇ ಕಾನೂನು ಅವನಿಗಿಂತ ನಿಮಗೆ ಹೆಚ್ಚು ಭಾರ. ಆದ್ದರಿಂದ ಅದನ್ನು ಅವನಿಗಿಂತ ಚೆನ್ನಾಗಿ ನೀವು ತಿಳಿದಿರಬೇಕು.

ಮೋಟಾರು ವಾಹನಗಳ ಕಾಯ್ದೆ 1988ರ 185ನೇ ಸೆಕ್ಷನ್ ಪ್ರಕಾರ, ಗಾಡಿ ಓಡಿಸುವಾಗ ಅಥವಾ ಓಡಿಸಲು ಹೊರಟಾಗ ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲವಾದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. 2019ರ ಸೆಪ್ಟೆಂಬರ್ 1ಕ್ಕೆ ಮೊದಲು ದಂಡದ ಮಿತಿ ಎರಡು ಸಾವಿರವಿತ್ತು. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ಎರಡನೇ ಅಪರಾಧ ಎಂಬ ರಿಯಾಯಿತಿಯೂ ಇತ್ತು. ತಿದ್ದುಪಡಿ ಆ ಮೂರು ವರ್ಷದ ಮಾತನ್ನು ತೆಗೆದುಹಾಕಿದೆ. ಇಂದು ಒಪ್ಪಿಕೊಂಡ ತಪ್ಪು ಹತ್ತು ವರ್ಷದ ಮೇಲೂ ನಿಮ್ಮ ಲೆಕ್ಕದಲ್ಲಿ ಮೊದಲನೆಯದಾಗಿ ಕೂತಿರುತ್ತದೆ. ಪೊಲೀಸರು ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ. ರಸ್ತೆಯಲ್ಲಿ ಯಾರಾದರೂ ‘ಇಲ್ಲೇ ಮುಗಿಸೋಣ’ ಎಂದರೆ ಅದು ಕಾನೂನಿನ ಮಾತಲ್ಲ.

ಈಗ ಡಿಎಲ್ ವಿಚಾರ. ಇದೇ ಕಾಯ್ದೆಯ 20ನೇ ಸೆಕ್ಷನ್ನಿನ ಎರಡನೇ ಉಪವಿಧಿಯನ್ನು ಬಹಳ ಚಾಲಕರು ಕೇಳಿಯೇ ಇಲ್ಲ. 185ರಡಿ ಶಿಕ್ಷೆಯಾದರೆ ನ್ಯಾಯಾಲಯ ಆ ವ್ಯಕ್ತಿಯನ್ನು ಕನಿಷ್ಠ ಆರು ತಿಂಗಳು ಡಿಎಲ್ ಹೊಂದಲು ಅನರ್ಹ ಎಂದು ಆದೇಶಿಸತಕ್ಕದ್ದು ಎನ್ನುತ್ತದೆ ಅದು. ಆದೇಶಿಸಬಹುದು ಎಂದಲ್ಲ, ಆದೇಶಿಸತಕ್ಕದ್ದು. ದಿನಕ್ಕೆ ನೂರಾರು ಕೇಸು ಬೀಳುವ ಕಡೆ ಇದು ಎಲ್ಲ ಸಲವೂ ಜಾರಿಯಾಗದೆ ಇರಬಹುದು. ಹಾಗೆಂದು ಬದುಕನ್ನು ಅದರ ಮೇಲೆ ಪಣಕ್ಕಿಡಬೇಡಿ. ಕೋರ್ಟು ಸುಮ್ಮನಿದ್ದರೂ ಆರ್‌ಟಿಒ ಇದ್ದಾರೆ. 206ನೇ ಸೆಕ್ಷನ್ನಿನಡಿ ಪೊಲೀಸರು ನಿಮ್ಮ ಡಿಎಲ್ ವಶಪಡಿಸಿಕೊಂಡು ಅಲ್ಲಿಗೆ ಕಳಿಸುತ್ತಾರೆ. ರಸ್ತೆ ಸುರಕ್ಷತೆ ಕುರಿತ ಸುಪ್ರೀಂ ಕೋರ್ಟ್ ಸಮಿತಿ 2015ರಲ್ಲೇ ಇಂಥ ಪ್ರಕರಣಗಳಲ್ಲಿ ಕನಿಷ್ಠ ಮೂರು ತಿಂಗಳ ಅಮಾನತು ಆಗಬೇಕೆಂದು ರಾಜ್ಯಗಳಿಗೆ ಹೇಳಿತ್ತು. ಡಿಎಲ್ ಪಡೆದುಕೊಂಡಾಗ ಕೊಡುವ ಸ್ವೀಕೃತಿ ಚೀಟಿಯನ್ನೇ ಡಿಎಲ್ ಎಂದುಕೊಂಡು ಗಾಡಿ ಓಡಿಸುವವರಿದ್ದಾರೆ. ಆ ಚೀಟಿ ಓಡಿಸಲು ಅನುಮತಿಯಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಅನರ್ಹತೆಯ ಅವಧಿಯಲ್ಲಿ ಓಡಿಸಿ ಸಿಕ್ಕರೆ ಇನ್ನೊಂದು ಕೇಸು, ಮೂರು ತಿಂಗಳವರೆಗೆ ಜೈಲು ಅಥವಾ 10,000 ದಂಡ.

ಆರ್‌ಟಿಒ ಕೂಡ ನಿಮ್ಮ ಮಾತು ಕೇಳದೆ 19ನೇ ಸೆಕ್ಷನ್ನಿನಡಿ ಡಿಎಲ್ ರದ್ದುಮಾಡುವಂತಿಲ್ಲ. ನೋಟಿಸ್ ಬರುತ್ತದೆ. ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋದ ನೋಟಿಸು ಕೈಗೆ ಸಿಗದೆ, ಉತ್ತರ ಕೊಡದೆ ಕೂತವರ ಡಿಎಲ್ ಒಂದೇ ಸಾಲಿನ ಆದೇಶದಲ್ಲಿ ಹೋಗುತ್ತದೆ. ವಿಳಾಸ ಸರಿಪಡಿಸಿಕೊಳ್ಳಿ. ಬರಹದಲ್ಲಿ ಉತ್ತರ ಕೊಡಿ. ಕೇಸು ಇನ್ನೂ ನಡೆಯುತ್ತಿದೆ ಎಂದು ತಿಳಿಸಿ. ಆದೇಶ ವಿರುದ್ಧವಾದರೆ ಮೂವತ್ತು ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ.

ಹಾಗಾದರೆ ಎಲ್ಲರೂ ಯಾಕೆ ಅಷ್ಟು ಬೇಗ ಒಪ್ಪಿಕೊಳ್ಳುತ್ತಾರೆ? ಡಿಎಲ್ ಬಗ್ಗೆ ಗೊತ್ತಿಲ್ಲದಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಗಾಡಿ. ಗಾಡಿ ಠಾಣೆಯಲ್ಲಿ ನಿಂತಿರುತ್ತದೆ, ಅದರಲ್ಲಿ ಯಾರದೋ ಟೊಮೆಟೊ ಕೊಳೆಯುತ್ತಿರುತ್ತದೆ, ಓನರ್ ಅರ್ಧ ಗಂಟೆಗೊಮ್ಮೆ ಫೋನ್ ಮಾಡುತ್ತಿರುತ್ತಾರೆ, ಕಂತು ಕಟ್ಟುವ ದಿನ ಹತ್ತಿರ ಬಂದಿರುತ್ತದೆ. ಒಪ್ಪಿಕೊಂಡರೆ ಗಾಡಿ ಇವತ್ತೇ ಸಿಗುತ್ತದೆ ಎಂದು ಕೋರ್ಟ್ ಬಾಗಿಲಲ್ಲಿ ನಿಂತ ಮಧ್ಯವರ್ತಿ ಹೇಳುತ್ತಾನೆ. ಗಾಡಿ ಬಿಡಿಸಲು ತಪ್ಪು ಒಪ್ಪಿಕೊಳ್ಳಲೇಬೇಕೆಂದಿಲ್ಲ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೇ ಸೆಕ್ಷನ್ನುಗಳಡಿ, ಹಳೆಯ ಸಿಆರ್‌ಪಿಸಿಯಲ್ಲಿ 451 ಮತ್ತು 457 ಆಗಿದ್ದವು, ಮಾಲೀಕರು ಮಧ್ಯಂತರ ಸುಪರ್ದಿಗೆ ಅರ್ಜಿ ಹಾಕಿ ಮುಚ್ಚಳಿಕೆ ಬರೆದುಕೊಟ್ಟು ಗಾಡಿ ಪಡೆಯಬಹುದು. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯ ಮುಂದೆ ತುಕ್ಕು ಹಿಡಿಯಲು ಬಿಡಬೇಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಗಾಡಿಯ ಅರ್ಜಿಯೇ ಬೇರೆ, ನಿಮ್ಮ ಕೇಸೇ ಬೇರೆ. ಓನರ್ ಅವಸರಕ್ಕೆ ನಿಮ್ಮ ಡಿಎಲ್ ಕೊಡಬೇಡಿ. ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಯಾದ ಬಳಿಕ ‘ನಾನು ಕುಡಿದಿರಲಿಲ್ಲ’ ಎಂದು ಮೇಲ್ಮನವಿ ಹೋಗಲು ದಾರಿಯಿಲ್ಲ. ಶಿಕ್ಷೆಯ ಪ್ರಮಾಣ ಹೆಚ್ಚಾಯಿತು ಎನ್ನಬಹುದು, ಅಷ್ಟೇ.

ಇನ್ನು, ಆ ರಾತ್ರಿ ಏನಾಗಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಪರವಾದ ವಾದವೆಲ್ಲ ಹುಟ್ಟುವುದು ಅಲ್ಲೇ.

ಆಲ್ಕೋಮೀಟರಿಗೆ ಊದಿ ಎಂದು ಕೇಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬೇಕು. ನೀವು ಕುಡಿದಿದ್ದೀರಿ ಎಂದು ಅನುಮಾನಿಸಲು ಅವರಿಗೆ ಸಕಾರಣ ಇರಬೇಕು. ಉಪಕರಣ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅನುಮೋದಿಸಿದ ಬಗೆಯದಾಗಿರಬೇಕು. ಮೋಟಾರು ವಾಹನಗಳ ಕಾಯ್ದೆಯ 203ನೇ ಸೆಕ್ಷನ್ ಹೇಳುವುದು ಇಷ್ಟು. ಕೊಳವೆ ಹೊಸದೇ ಎಂದು ನೋಡಿ. ಚೀಟಿಯಲ್ಲಿ ನಿಮ್ಮ ಹೆಸರು, ಗಾಡಿಯ ನಂಬರು, ಸಮಯ, ಉಪಕರಣದ ಸಂಖ್ಯೆ, ಬಂದ ಅಂಕಿ ಸರಿಯಿದೆಯೇ ನೋಡಿಯೇ ಸಹಿ ಹಾಕಿ. ಬಾಯಲ್ಲಿ ಆಲ್ಕೋಹಾಲ್ ಉಳಿದಿದ್ದರೆ ಉಪಕರಣ ರಕ್ತದಲ್ಲಿರುವುದಕ್ಕಿಂತ ಹೆಚ್ಚು ತೋರಿಸಬಹುದು. ಕೆಲವು ಕೆಮ್ಮಿನ ಸಿರಪ್ಪು, ಬಾಯಿ ಮುಕ್ಕಳಿಸುವ ದ್ರಾವಣಗಳಿಂದಲೂ ಹೀಗಾಗುತ್ತದೆ. ಅದು ಸುಮಾರು ಹದಿನೈದು ನಿಮಿಷದಲ್ಲಿ ಇಳಿಯುತ್ತದೆ. ಅಂಥದ್ದೇನಾದರೂ ತೆಗೆದುಕೊಂಡಿದ್ದರೆ ಅಲ್ಲೇ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಪರೀಕ್ಷಿಸಲು ಕೇಳಿ. ಬಂಧಿಸಿ ಠಾಣೆಗೆ ಕರೆದೊಯ್ದರೆ ಅಲ್ಲಿ ಮತ್ತೆ ಊದುವ ಅವಕಾಶ ಕೊಡಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ರಕ್ತಪರೀಕ್ಷೆ ಮಾಡಿಸಿ ಎಂದು ಕೇಳಿ, ಕೇಳಿದ್ದನ್ನು ಬರೆಸಿ. ಇನ್ನೊಂದು ಬಹಳ ಮುಖ್ಯವಾದ ಮಾತು 202ನೇ ಸೆಕ್ಷನ್ನಿನಲ್ಲಿದೆ. 185ರಡಿ ಬಂಧಿಸಿದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡುಗಡೆ ಮಾಡಬೇಕು. ಬಂಧಿಸಿದ ಸಮಯ, ಆಸ್ಪತ್ರೆಗೆ ಹೋದ ಸಮಯ, ಎರಡನ್ನೂ ನೆನಪಿಡಿ. ಇದು ಜಾಮೀನು ಸಿಗುವ ಅಪರಾಧ. ಜಾಮೀನು ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ.

ಊದುವುದಿಲ್ಲ ಎಂದು ಹಟ ಹಿಡಿಯಬೇಡಿ. ‘ಊದದಿದ್ದರೆ ಸಾಕ್ಷಿಯೇ ಇಲ್ಲ’ ಎಂಬ ಬುದ್ಧಿವಾದ ಸ್ಟ್ಯಾಂಡಿನಲ್ಲಿ ಓಡಾಡುತ್ತದೆ. ನಿರಾಕರಿಸಿದರೆ ಬಂಧಿಸಬಹುದು, ರಕ್ತದ ಮಾದರಿ ಕೇಳಬಹುದು. ಸಕಾರಣವಿಲ್ಲದ ನಿರಾಕರಣೆಯನ್ನು ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲವಾಗಿ ಕೋರ್ಟು ಪರಿಗಣಿಸಬಹುದು ಎಂದು 205ನೇ ಸೆಕ್ಷನ್ ಹೇಳುತ್ತದೆ. ರಕ್ತ ಕೊಡುವುದು ನಮ್ಮ ವಿರುದ್ಧ ನಾವೇ ಸಾಕ್ಷಿ ಹೇಳಿದಂತಲ್ಲವೇ ಎಂದೂ ಕೆಲವರು ಕೇಳುತ್ತಾರೆ. ಅಲ್ಲ. ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಕೂಡದು ಎಂದು 2010ರಲ್ಲಿ ತೀರ್ಪು ಬಂದದ್ದು ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ರಕ್ತದಂಥ ದೈಹಿಕ ಮಾದರಿಗಳಿಗೆ ಆ ರಕ್ಷಣೆ ಇಲ್ಲ ಎಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿದೆ.

ನಿಜವಾದ ವಾದಗಳು ಯಾವುವು? ಮೊದಲನೆಯದು, ಓಡಿಸುತ್ತಿದ್ದಿರೋ ಇಲ್ಲವೋ ಎಂಬುದು. ಢಾಬಾದ ಬಳಿ ಲಾರಿ ಬದಿಗೆ ಹಾಕಿ, ಊಟದ ಜೊತೆ ಕುಡಿದು ಕ್ಯಾಬಿನ್ನಿನಲ್ಲೇ ಮಲಗಿದವರು ಓಡಿಸುತ್ತಿಲ್ಲ, ಓಡಿಸಲು ಹೊರಟೂ ಇಲ್ಲ. ಅವರ ಮೇಲೆ 185 ನಿಲ್ಲಬಾರದು. ಆದರೆ ಎಂಜಿನ್ ಚಾಲೂ ಇದ್ದು ನೀವು ಸ್ಟೇರಿಂಗ್ ಹಿಂದೆ ಕೂತಿದ್ದರೆ ಮಾತು ಬೇರೆಯಾಗುತ್ತದೆ. ಮಲಗುವುದಾದರೆ ಕೀ ಕ್ಲೀನರ್ ಕೈಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಮಲಗಿ.

ಎರಡನೆಯದು ಪರೀಕ್ಷೆಯ ಬಗ್ಗೆ. ಉಪಕರಣವನ್ನು ಯಾವಾಗ ಮಾಪನಾಂಕ ನಿರ್ಣಯ ಮಾಡಿಸಿದ್ದರು, ಅದರ ಪ್ರಮಾಣಪತ್ರ ಎಲ್ಲಿ, ಪರೀಕ್ಷಿಸಿದ ಅಧಿಕಾರಿ ಸಾಕ್ಷಿ ಹೇಳಲು ಬಂದರೇ, ಚೀಟಿಯ ಸಮಯಕ್ಕೂ ದೂರಿನ ಸಮಯಕ್ಕೂ ತಾಳೆಯಾಗುತ್ತದೆಯೇ, ಇವೆಲ್ಲ ಪಾಟೀಸವಾಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು. ಯಾವ ಪರೀಕ್ಷೆಯೂ ಇಲ್ಲದೆ ‘ಬಾಯಿ ವಾಸನೆ ಬರುತ್ತಿತ್ತು, ನಡಿಗೆ ತೂರಾಡುತ್ತಿತ್ತು, ಮಾತು ತೊದಲುತ್ತಿತ್ತು’ ಎಂಬುದಷ್ಟೇ ಇದ್ದರೆ ಅದು ಸಾಲದು. ರಕ್ತ, ಮೂತ್ರದ ಪರೀಕ್ಷೆಯಿಲ್ಲದೆ ಅಂಥ ಲಕ್ಷಣಗಳಿಂದ ಕುಡಿತವನ್ನು ನಿಶ್ಚಯಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿತ್ತು. ಹಾಗೆಂದು ‘ರಕ್ತಪರೀಕ್ಷೆ ಮಾಡಿಲ್ಲ, ಆದ್ದರಿಂದ ಕೇಸು ಬಿತ್ತು’ ಎಂದು ಹಾರಾಡುವ ವಕೀಲರನ್ನು ನಂಬಬೇಡಿ. ಸರಿಯಾಗಿ ಮಾಡಿದ ಉಸಿರಿನ ಪರೀಕ್ಷೆಯ ಫಲಿತಾಂಶವೂ ಸಾಕ್ಷ್ಯವಾಗಿ ಸಲ್ಲುತ್ತದೆ. ಕಾಲಮಿತಿಯೂ ಒಂದು ವಾದ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗಷ್ಟೇ ಶಿಕ್ಷೆಯಿರುವುದರಿಂದ ಒಂದು ವರ್ಷ ಕಳೆದ ಮೇಲೆ ನ್ಯಾಯಾಲಯ ಸಾಮಾನ್ಯವಾಗಿ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.

ತಪ್ಪು ಮಾಡಿದ್ದೀರಿ, ಪರೀಕ್ಷೆಯೂ ಸರಿಯಾಗಿದೆ ಎಂದಾದರೆ? ಆಗಲೂ ವಕೀಲರ ಕೆಲಸವಿದೆ. ಮೊದಲ ತಪ್ಪು, ಅಪಘಾತವಾಗಿಲ್ಲ, ಮನೆಯ ದುಡಿಮೆ ಇದರಿಂದಲೇ ಎಂಬುದನ್ನು ದಾಖಲೆಯೊಂದಿಗೆ ಹೇಳಿ, ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958ರ ಪ್ರಯೋಜನ ಕೇಳಬಹುದು. ಆ ಕಾಯ್ದೆಯ 12ನೇ ಸೆಕ್ಷನ್ ಶಿಕ್ಷೆಯ ಜೊತೆ ಅಂಟಿಕೊಂಡು ಬರುವ ಅನರ್ಹತೆಗಳಿಂದ ರಕ್ಷಿಸುತ್ತದೆ. ಕೊಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆ. ಆದರೆ ಕೇಳದೆ ಸಿಗುವುದಂತೂ ಇಲ್ಲ.

ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಪ್ರತಿ ತಾಲ್ಲೂಕು ನ್ಯಾಯಾಲಯದಲ್ಲೂ ಕಾನೂನು ಸೇವೆಗಳ ಸಮಿತಿ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಬಂಧನದಲ್ಲಿರುವವರು, ಆದಾಯ ಮಿತಿಯೊಳಗಿನವರು ಉಚಿತ ವಕೀಲರನ್ನು ಪಡೆಯಬಹುದು. 15100 ಸಂಖ್ಯೆಗೆ ಕರೆ ಮಾಡಿ. ಮಧ್ಯವರ್ತಿಗೆ ಕೊಡುವ ಐನೂರು ರೂಪಾಯಿ ಕೂಡ ಅಲ್ಲಿ ಬೇಡ.

ಕೇಸು ಗೆದ್ದರೂ ಬೆನ್ನು ಬಿಡದ ಇನ್ನೊಂದು ವಿಷಯ ವಿಮೆ. ದೆಹಲಿಯ ಇಂಡಿಯಾ ಗೇಟ್ ಬಳಿ 2007ರ ಡಿಸೆಂಬರಿನಲ್ಲಿ ಒಂದು ಪೋರ್ಷೆ ಕಾರು ಅಪಘಾತಕ್ಕೀಡಾಯಿತು. ಚಾಲಕನಿಗೆ ಉಸಿರಿನ ಪರೀಕ್ಷೆಯಾಗಲಿ ರಕ್ತಪರೀಕ್ಷೆಯಾಗಲಿ ಆಗಿರಲಿಲ್ಲ. ಆದರೂ 2021ರಲ್ಲಿ ಸುಪ್ರೀಂ ಕೋರ್ಟ್, ಸುತ್ತಲಿನ ಸಂದರ್ಭಗಳಿಂದಲೇ ಕುಡಿತವನ್ನು ತೀರ್ಮಾನಿಸಬಹುದು ಎಂದು ಹೇಳಿ ವಿಮಾ ಕಂಪನಿಯ ಪರ ತೀರ್ಪು ಕೊಟ್ಟಿತು. ಕ್ರಿಮಿನಲ್ ಕೇಸಿನಲ್ಲಿ ಬೇಕಾಗುವಷ್ಟು ಪುರಾವೆ ವಿಮೆಯ ಕೇಸಿನಲ್ಲಿ ಬೇಕಿಲ್ಲ. ಇನ್ನೊಬ್ಬರಿಗೆ ಪೆಟ್ಟಾದಾಗ ಅಥವಾ ಸಾವಾದಾಗ ನ್ಯಾಯಾಲಯಗಳು ಹಲವು ಸಲ ಮೊದಲು ನೊಂದವರಿಗೆ ಹಣ ಕೊಡಿ, ಆಮೇಲೆ ಮಾಲೀಕ ಮತ್ತು ಚಾಲಕರಿಂದ ವಸೂಲು ಮಾಡಿಕೊಳ್ಳಿ ಎಂದು ವಿಮಾ ಕಂಪನಿಗೆ ಹೇಳುತ್ತವೆ. ಆ ವಸೂಲಿ ಲಕ್ಷಗಳ ಲೆಕ್ಕದಲ್ಲಿ ಬಂದಾಗ ಮಾಲೀಕರು ತಿರುಗಿ ನೋಡುವುದು ನಿಮ್ಮ ಕಡೆಗೇ. ಊರಲ್ಲಿ ಇರುವ ಎರಡು ಎಕರೆ ಹಾಗೆ ಕರಗುತ್ತದೆ.

ಸಾವಾದರೆ ಕಾನೂನು ಪೂರಾ ಬೇರೆ ಮುಖ ತೋರಿಸುತ್ತದೆ. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯ 106(1)ರಡಿ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು. ಹಳೆಯ ಐಪಿಸಿಯ 304ಎ ಅಡಿ ಅದು ಎರಡು ವರ್ಷವಿತ್ತು. ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷ ಎಂಬ 106(2)ರ ವಿರುದ್ಧ ಆ ವರ್ಷದ ಆರಂಭದಲ್ಲಿ ನೀವೇ ಲಾರಿ ನಿಲ್ಲಿಸಿ ಮುಷ್ಕರ ಹೂಡಿದಿರಿ, ಸಂಹಿತೆ ಜಾರಿಯಾದಾಗ ಆ ಭಾಗವನ್ನು ತಡೆಹಿಡಿದರು. ಆದರೆ ಕುಡಿದು ಓಡಿಸಿ ಸಾವಾದಾಗ ಪೊಲೀಸರು 105ನೇ ಸೆಕ್ಷನ್, ಅಂದರೆ ಕೊಲೆಯಲ್ಲದ ಮಾನವಹತ್ಯೆ, ಹಾಕಬಹುದು. ಮುಂಬೈ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರ್ 12ರ ನಸುಕಿನಲ್ಲಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಏಳು ಕೂಲಿಕಾರರು ಕಾರಿನಡಿ ಸತ್ತರು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬರೀ ನಿರ್ಲಕ್ಷ್ಯವೆಂದು ಒಪ್ಪಲಿಲ್ಲ. ಕುಡಿದು ಹಾಗೆ ಓಡಿಸಿದರೆ ಜನ ಸಾಯಬಹುದೆಂಬ ಅರಿವು ಇದ್ದೇ ಇರುತ್ತದೆ ಎಂದು ಮಾನವಹತ್ಯೆಯ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಸತ್ತವರು ಯಾರು ನೋಡಿ. ರಸ್ತೆ ಕೆಲಸಕ್ಕೆ ಬಂದ ನಮ್ಮಂಥವರೇ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಎಷ್ಟೋ ಮಂದಿ ನಡೆದುಹೋಗುತ್ತಿದ್ದವರು, ಬೈಕಿನಲ್ಲಿದ್ದವರು. ಅವರ ಮನೆಯವರ ಜೊತೆ ಕೂತು ಅರ್ಜಿ ಬರೆದವನಾಗಿ ಹೇಳುತ್ತೇನೆ, ಈ ಕಾನೂನು ಬಿಗಿಯಾಗಿರುವುದು ತಪ್ಪಲ್ಲ. ಬಿಗಿಯಾದ ಕಾನೂನನ್ನು ಬಿಗಿಯಾಗಿಯೇ ಸಾಬೀತುಮಾಡಬೇಕು ಎಂಬುದಷ್ಟೇ ನನ್ನ ವಾದ.

ಕೆಲಸದ ವಿಷಯಕ್ಕೂ ಒಂದು ತೀರ್ಪು ಇದೆ. ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯ ಚಾಲಕರೊಬ್ಬರು ಕುಂಭಮೇಳದ ಕರ್ತವ್ಯಕ್ಕೆ ಸಿಬ್ಬಂದಿಯನ್ನು ಟ್ರಕ್ಕಿನಲ್ಲಿ ಕರೆದೊಯ್ಯುವಾಗ ಮುಂದಿದ್ದ ಜೀಪಿಗೆ ಗುದ್ದಿದರು. ಯಾರೂ ಸಾಯಲಿಲ್ಲ. ಕುಡಿದಿದ್ದರೆಂದು ವಜಾ ಮಾಡಿದರು. 2022ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಇದ್ದ ಸುಪ್ರೀಂ ಕೋರ್ಟ್ ಪೀಠ, ದೊಡ್ಡ ಅನಾಹುತ ಆಗದಿದ್ದುದು ಬರೀ ಅದೃಷ್ಟ, ಅದರಿಂದ ತಪ್ಪು ಸಣ್ಣದಾಗುವುದಿಲ್ಲ ಎಂದಿತು. ಸುಮಾರು 25 ವರ್ಷದ ಸೇವೆಯನ್ನು ನೋಡಿ ವಜಾವನ್ನು ಕಡ್ಡಾಯ ನಿವೃತ್ತಿಗೆ ಇಳಿಸಿತು. ಅಷ್ಟರಲ್ಲಿ ಆ ಚಾಲಕ ತೀರಿಹೋಗಿದ್ದರು.

ಇನ್ನೊಂದನ್ನು ನಿಮಗೆ ಮಾತ್ರ ಹೇಳಬೇಕು, ಏಕೆಂದರೆ ಇದರಲ್ಲಿ ಬಲಿಯಾಗುವುದು ನೀವು ಮಾತ್ರ. ಓನರ್ ಕುಡಿದು ಓಡಿಸಿದ್ದಕ್ಕೋ, ಅವರ ಮಗ ಓಡಿಸಿದ್ದಕ್ಕೋ ‘ನೀನು ಓಡಿಸ್ತಿದ್ದೆ ಅಂತ ಹೇಳು, ಮಿಕ್ಕಿದ್ದು ನಾವು ನೋಡ್ಕೋತೀವಿ’ ಎನ್ನುವವರಿದ್ದಾರೆ. ಪುಣೆಯಲ್ಲಿ 2024ರ ಮೇ 19ರಂದು ನಡೆದ ಕಾರು ಅಪಘಾತದ ನಂತರ ಆ ಕಾರಿನ ಮಾಲೀಕರ ಮನೆಯ ಚಾಲಕನ ಮೇಲೆ ಇಂಥದ್ದೇ ಒತ್ತಡ ಹಾಕಲಾಯಿತು, ರಕ್ತದ ಮಾದರಿಯನ್ನೇ ಬದಲಾಯಿಸಲಾಯಿತು ಎಂಬ ಆರೋಪದ ಮೇಲೆ ಪೊಲೀಸರು ಕೇಸು ಹಾಕಿದ್ದಾರೆ. ಅಪರಾಧಿಯನ್ನು ಕಾಪಾಡಲು ಸುಳ್ಳು ಮಾಹಿತಿ ಕೊಡುವುದು ನ್ಯಾಯ ಸಂಹಿತೆಯ 238ನೇ ಸೆಕ್ಷನ್ನಿನಡಿ ಬೇರೆಯೇ ಅಪರಾಧ. ಸಿಸಿಟಿವಿ, ಟೋಲ್ ಗೇಟಿನ ಕ್ಯಾಮೆರಾ, ಮೊಬೈಲಿನ ಲೊಕೇಶನ್ ಇರುವ ಕಾಲದಲ್ಲಿ ಆ ಸುಳ್ಳು ಬಹಳ ದಿನ ನಿಲ್ಲುವುದಿಲ್ಲ. ಕೆಲಸ ಹೋದರೆ ಹೋಗಲಿ, ಒಪ್ಪಬೇಡಿ. ಮಾಲೀಕರೇ, ನೀವೂ ಕೇಳಿ. ಕುಡಿದಿದ್ದಾನೆಂದು ಗೊತ್ತಿದ್ದೂ ‘ಲೋಡ್ ಬೆಳಗ್ಗೆ ಮುಟ್ಟಲೇಬೇಕು’ ಎಂದು ಕೀ ಕೊಟ್ಟರೆ ಮೋಟಾರು ವಾಹನಗಳ ಕಾಯ್ದೆಯ 188ನೇ ಸೆಕ್ಷನ್ನಿನ ಪ್ರಕಾರ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ.

ಕೊನೆಗೆ ಒಂದು ಲೆಕ್ಕ. ರಾತ್ರಿ ಕುಡಿದು ಮಲಗಿ ಬೆಳಗ್ಗೆ ಎದ್ದರೆ ಎಲ್ಲ ಇಳಿದಿರುತ್ತದೆ ಎಂಬ ನಂಬಿಕೆಯಿಂದಲೇ ಬಹಳ ಒಳ್ಳೆಯ ಚಾಲಕರು ಸಿಕ್ಕಿಬೀಳುತ್ತಾರೆ. ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್, ಅದರಲ್ಲಿ ಶೇ 42.8ರಷ್ಟು ಆಲ್ಕೋಹಾಲ್, ತೂಕದಲ್ಲಿ ಸುಮಾರು 60 ಗ್ರಾಂ. 65 ಕೆ.ಜಿ. ತೂಗುವ ಗಂಡಸಿನ ರಕ್ತದಲ್ಲಿ ಅದು ಅಂದಾಜು 130 ಮಿಲಿಗ್ರಾಂವರೆಗೆ ಏರುತ್ತದೆ. ದೇಹ ಅದನ್ನು ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂನಂತೆ ಇಳಿಸುತ್ತದೆ. ಚಹಾ, ನಿಂಬೆಹಣ್ಣು, ತಣ್ಣೀರ ಸ್ನಾನ ಯಾವುದರಿಂದಲೂ ಆ ವೇಗ ಹೆಚ್ಚುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಗ್ಲಾಸು ಕೆಳಗಿಟ್ಟು ಬೆಳಗ್ಗೆ ಐದಕ್ಕೆ ಲೋಡ್ ಎತ್ತಿದರೆ ನಿಮ್ಮ ರಕ್ತದಲ್ಲಿ 30ಕ್ಕಿಂತ ಹೆಚ್ಚೇ ಇರುವ ಸಾಧ್ಯತೆ ಬಹಳ. ತಲೆ ಸರಿಯಿದೆ ಎಂದು ನಿಮಗೆ ಅನ್ನಿಸಬಹುದು. ಉಪಕರಣ ಅದನ್ನು ಕೇಳುವುದಿಲ್ಲ. ಬ್ರೇಕಿನ ಮೇಲಿನ ಕಾಲು ಕೂಡ ಅಷ್ಟು ಚುರುಕಾಗಿರುವುದಿಲ್ಲ.

ನಿಮ್ಮ ಸಂಘಗಳಲ್ಲಿ, ಸ್ಟ್ಯಾಂಡುಗಳಲ್ಲಿ ಈ ಪತ್ರವನ್ನು ಗಟ್ಟಿಯಾಗಿ ಓದಿ. ನೋಟಿಸ್ ಬಂದವರು ತಾರೀಖು ತಪ್ಪಿಸಬೇಡಿ, ಹಾಜರಾಗದಿದ್ದರೆ ವಾರಂಟ್ ಆಗುತ್ತದೆ. ಹಾಜರಾದ ಮೊದಲ ದಿನ ಏನನ್ನೂ ಒಪ್ಪುವ ಮೊದಲು ‘ಸ್ವಾಮಿ, ವಕೀಲರನ್ನು ನೇಮಿಸಿಕೊಳ್ಳಲು ಸಮಯ ಕೊಡಿ’ ಎಂದು ಕೇಳಿ. ಆ ಸಮಯ ಕೇಳಲು ನಿಮಗೆ ಹಕ್ಕಿದೆ.

ಇಂತಿ,
ನಿಮ್ಮ ಹಿತ ಬಯಸುವ,
ಒಬ್ಬ ವಕೀಲ